ಹಡಗಿಗಿಂತ ಮೊದಲು ಪಯಣಿಗ: ನಿಮಗೊಪ್ಪುವ ಕ್ರೂಸ್ ಆರಿಸುವುದು ಹೇಗೆ?

ಹಡಗು ಕಟ್ಟೆಗೆ ತಾಗದೆ ಕೊಲ್ಲಿಯ ನಡುವೆ ಲಂಗರು ಹಾಕಿ ನಿಂತಿತ್ತು. ಕೆಳಗಿನ ಡೆಕ್ಕಿನ ಬಾಗಿಲಿಗೆ ಒರಗಿದ ಸಣ್ಣ ದೋಣಿ ಅಲೆಯ ಜೊತೆ ಒಂದಡಿ ಏರುತ್ತ, ಒಂದಡಿ ಇಳಿಯುತ್ತಿತ್ತು. ದೋಣಿ ಬಾಗಿಲಿನ ಮಟ್ಟಕ್ಕೆ ಬಂದ ಕ್ಷಣ ನೋಡಿಕೊಂಡು ಸಿಬ್ಬಂದಿ ಒಬ್ಬೊಬ್ಬರನ್ನೇ ತೋಳು ಹಿಡಿದು ದಾಟಿಸುತ್ತಿದ್ದರು. ಮೊಣಕಾಲು ನೋವಿದ್ದ ನನ್ನ ತಾಯಿ ಎರಡು ಬಾರಿ ಹೆಜ್ಜೆ ಎತ್ತಿ, ಎರಡು ಬಾರಿಯೂ ಹಿಂದಕ್ಕಿಟ್ಟು, ಕಡೆಗೆ "ನೀವು ಹೋಗಿ ಬನ್ನಿ" ಎಂದು ಹಿಂತಿರುಗಿದರು. ಆ ಪ್ರಯಾಣದ ನಾಲ್ಕು ಬಂದರುಗಳಲ್ಲಿ ಮೂರು ಇಂಥವೇ ಆಗಿದ್ದವು. ಹಡಗಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಬಂದರುಗಳ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದ್ದ 'ಟೆಂಡರ್', ಅಂದರೆ ಸಣ್ಣ ದೋಣಿಯಲ್ಲಿ ದಡ ಸೇರಬೇಕು ಎಂದು ಸೂಚಿಸುವ ಪದವನ್ನು, ಟಿಕೆಟ್ ಕಾಯ್ದಿರಿಸಿದ ನಾನು ಓದಿರಲಿಲ್ಲ, ಅಷ್ಟೆ.

ಕ್ರೂಸ್ ವಿಷಯದಲ್ಲಿ ಬೇಸರಪಟ್ಟು ಮರಳಿದವರನ್ನು ಮಾತಾಡಿಸಿದರೆ ಬಹುಪಾಲು ಕಥೆಗಳು ಹೀಗೆಯೇ ಇರುತ್ತವೆ. ಹಡಗು ಕೆಟ್ಟದ್ದಾಗಿರುವುದಿಲ್ಲ, ಅದು ಬೇರೊಬ್ಬರಿಗೆಂದು ಕಟ್ಟಿದ ಹಡಗಾಗಿರುತ್ತದೆ. ಆದ್ದರಿಂದ ಯಾವ ಹಡಗು ಚೆನ್ನಾಗಿದೆ ಎಂದು ಹುಡುಕುವ ಮೊದಲು, ಹೋಗುವವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಮೊದಲು ಎರಡು ದಿನಗಳನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಹೊರಡುವ ಪ್ರತಿಯೊಬ್ಬರ ಹೆಸರನ್ನೂ ಬರೆದು, ಅದರ ಮುಂದೆ ಅವರಿಗೆ ಹಿತವೆನಿಸುವ ಎರಡು ದಿನಗಳನ್ನು ಕೆಲವೇ ಸಾಲುಗಳಲ್ಲಿ ಗುರುತಿಸಿ. ಒಂದು, ನೆಲವೇ ಕಾಣದ ಕಡಲ ದಿನ. ಇನ್ನೊಂದು, ಬಂದರಿನಲ್ಲಿ ಇಳಿಯುವ ದಿನ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ದೂರ ನಡೆಯಬಲ್ಲರು, ಗದ್ದಲದಲ್ಲಿ ಚೈತನ್ಯ ಪಡೆಯುತ್ತಾರೆಯೋ ದಣಿಯುತ್ತಾರೆಯೋ, ಸಂಜೆ ಏನಿದ್ದರೆ ಖುಷಿ, ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಎಂಬಷ್ಟು ಸಾಕು. ಕಡಲ ದಿನದ ಮುಂದೆ ಏನು ಬರೆಯಬೇಕೆಂದೇ ತೋಚದಿದ್ದರೆ, ಬಂದರುಗಳು ಹೆಚ್ಚಿರುವ ಮಾರ್ಗವೇ ನಿಮಗೆ ಬೇಕು ಎಂಬುದು ಅಲ್ಲಿಗೇ ತಿಳಿದುಹೋಗುತ್ತದೆ.

ಒಂದೇ ಗುಂಪಿನಲ್ಲಿ ಮೂರು ತಲೆಮಾರಿನವರಿದ್ದಾಗ ಈ ಹಾಳೆಗೆ ಇನ್ನೂ ಹೆಚ್ಚಿನ ಬೆಲೆ ಇದೆ. ಎಲ್ಲರಿಗೂ ಸರಾಸರಿ ಒಪ್ಪುವ ಹಡಗನ್ನು ಹುಡುಕಲು ಹೋಗಬೇಡಿ. ಗುಂಪಿನಲ್ಲಿ ಅತ್ಯಂತ ಹೆಚ್ಚು ಮಿತಿಗಳಿರುವವರು, ಅಂದರೆ ಎಳೆಯ ಮಗುವೋ ನಡೆಯಲು ಕಷ್ಟಪಡುವ ಹಿರಿಯರೋ, ಅವರ ಅಗತ್ಯದಿಂದ ಆರಂಭಿಸುವುದು ಸರಿಯಾದ ಕ್ರಮ ಎಂಬುದು ನನ್ನ ಅನುಭವ.

ವೇಳಾಪಟ್ಟಿಯನ್ನು ಸಾಲು ಸಾಲಾಗಿ ಓದಿ

ಎರಡನೆಯ ಹಂತವನ್ನು ಬಹಳ ಜನ ಅವಸರದಲ್ಲಿ ಮುಗಿಸುತ್ತಾರೆ. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಬಂದರಿನ ಹೆಸರಿಗೂ ಊರಿಗೂ ಇರುವ ಅಂತರವನ್ನು ನಕ್ಷೆಯಲ್ಲಿ ಅಳೆಯಿರಿ. 'ರೋಮ್' ಎಂದು ಬರೆದಿರುವ ಕಡೆ ಹಡಗು ನಿಲ್ಲುವುದು ಸುಮಾರು 70 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾದಲ್ಲಿ. 'ಪ್ಯಾರಿಸ್' ಎಂದರೆ ಸಾಮಾನ್ಯವಾಗಿ ಲೆ ಹಾವ್ರ್, ಅಲ್ಲಿಂದ ನಗರಕ್ಕೆ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹತ್ತು ಗಂಟೆ ಸಿಕ್ಕಂತೆ ಕಂಡರೂ, ಇಳಿಯಲು ಕಾಯುವ ಹೊತ್ತು, ಹೋಗಿಬರುವ ಹೊತ್ತು ಮತ್ತು ಹಡಗು ಹೊರಡುವುದಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಒಳಗಿರಬೇಕೆಂಬ ನಿಯಮ ಇವನ್ನು ಕಳೆದರೆ ಕೈಗೆ ಉಳಿಯುವುದು ನಾಲ್ಕೈದು ಗಂಟೆ ಮಾತ್ರ. ಇತಿಹಾಸ, ವಾಸ್ತುಶಿಲ್ಪ, ವಸ್ತುಸಂಗ್ರಹಾಲಯಗಳಿಗಾಗಿಯೇ ಹೊರಟವರಿಗೆ ಇದು ಸಾಲದು. ಅಂಥವರು ರಾತ್ರಿಯೂ ಬಂದರಿನಲ್ಲೇ ತಂಗುವ ಹಡಗನ್ನು, ಇಲ್ಲವೇ ಊರಿನ ಮಧ್ಯದಲ್ಲೇ ನಿಲ್ಲುವ ನದಿಯ ಹಡಗನ್ನು ನೋಡುವುದು ಒಳ್ಳೆಯದು.

ಬಳಿಕ, ಪ್ರತಿ ಬಂದರಿನಲ್ಲಿ ಹಡಗು ಕಟ್ಟೆಗೆ ಬರುತ್ತದೆಯೋ ಅಥವಾ ಲಂಗರು ಹಾಕಿ ದೋಣಿಯಲ್ಲಿ ಕರೆದೊಯ್ಯುತ್ತದೆಯೋ ಎಂಬುದನ್ನು ಕೇಳಿ ತಿಳಿಯಿರಿ. ಗ್ರೀಸ್‌ನ ಸ್ಯಾಂಟೊರಿನಿ ಇದಕ್ಕೆ ಪ್ರಸಿದ್ಧ ಉದಾಹರಣೆ. ದೋಣಿ ಇಳಿಸುವುದು ಕಡಿದಾದ ಬಂಡೆಯ ಬುಡದಲ್ಲಿ. ಮೇಲಿರುವ ಫಿರಾ ಪಟ್ಟಣಕ್ಕೆ ಕೇಬಲ್ ಕಾರಿನ ಸರದಿಯಲ್ಲಿ ನಿಲ್ಲಬೇಕು, ಇಲ್ಲವೇ ಸುಮಾರು 600 ಮೆಟ್ಟಿಲು ಹತ್ತಬೇಕು. ಗಾಳಿ ಜೋರಾದರೆ ಕಪ್ತಾನರು ದೋಣಿ ಸೇವೆಯನ್ನು, ಕೆಲವೊಮ್ಮೆ ಇಡೀ ಬಂದರನ್ನೇ ರದ್ದು ಮಾಡಬಹುದು, ಆ ಅಧಿಕಾರ ಅವರಿಗಿದೆ. ಗಾಲಿಕುರ್ಚಿ ಬಳಸುವವರಿಗೆ ದೋಣಿಯ ಬಂದರುಗಳಲ್ಲಿ ಇಳಿಯಲು ಅವಕಾಶ ಸಿಗದೆ ಹೋಗುವುದೂ ಉಂಟು.

ಗಾತ್ರ ಮತ್ತು ಜನಸಾಂದ್ರತೆ

ಇಂದಿನ ದೊಡ್ಡ ಹಡಗುಗಳು ತೇಲುವ ಪಟ್ಟಣಗಳೇ ಸರಿ. 2024ರ ಜನವರಿಯಲ್ಲಿ ಮೊದಲ ಯಾನ ಕೈಗೊಂಡ ರಾಯಲ್ ಕೆರಿಬಿಯನ್ ಕಂಪನಿಯ 'ಐಕಾನ್ ಆಫ್ ದ ಸೀಸ್' ಸುಮಾರು 365 ಮೀಟರ್ ಉದ್ದವಿದ್ದು, ಪ್ರತಿ ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಮಂದಿಯನ್ನು ಒಯ್ಯುತ್ತದೆ. ನೀರಿನ ಜಾರುಬಂಡಿ, ಐಸ್ ಸ್ಕೇಟಿಂಗ್, ರಂಗಮಂದಿರ ಎಲ್ಲವೂ ಅದರಲ್ಲಿವೆ. ಅಂಥ ಹಡಗಿನಲ್ಲಿ ಹಡಗೇ ಗುರಿಯಾಗಿರುತ್ತದೆ, ಬಂದರುಗಳು ಅದಕ್ಕೆ ಪೂರಕ. ನೂರಿನ್ನೂರು ಜನರ ಸಣ್ಣ ಹಡಗಿನಲ್ಲಿ ಇದು ತಿರುಗುಮುರುಗು. ಸಂಜೆಯ ಹೊತ್ತು ಪುಸ್ತಕ, ಉಪನ್ಯಾಸ, ಮಾತುಕತೆ ಬಿಟ್ಟರೆ ಹೆಚ್ಚೇನೂ ಇರದಿದ್ದರೂ, ದೊಡ್ಡ ಹಡಗು ಕಾಲಿಡಲಾಗದ ಕಿರಿದಾದ ಕೊಲ್ಲಿಗೆ ಅದು ನುಗ್ಗಬಲ್ಲದು.

ಗಾತ್ರಕ್ಕಿಂತ ಹೆಚ್ಚು ಹೇಳುವ ಒಂದು ಸರಳ ಲೆಕ್ಕವಿದೆ. ಹಡಗಿನ ಒಟ್ಟು ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಇಲ್ಲಿ ಟನ್ನೇಜ್ ಎಂದರೆ ತೂಕವಲ್ಲ, ಒಳಗಿನ ಒಟ್ಟು ಅವಕಾಶದ ಅಳತೆ. ಮೇಲೆ ಹೇಳಿದ ಹಡಗಿಗೆ 2,48,663ನ್ನು 5,610ರಿಂದ ಭಾಗಿಸಿದರೆ ಸುಮಾರು 44 ಬರುತ್ತದೆ. ಈ ಸಂಖ್ಯೆ ಮೂವತ್ತಕ್ಕಿಂತ ಕೆಳಗಿದ್ದರೆ ಊಟದ ಮನೆಯಲ್ಲೂ ಲಿಫ್ಟಿನ ಮುಂದೆಯೂ ಇಕ್ಕಟ್ಟು ಅನುಭವಕ್ಕೆ ಬರುತ್ತದೆ, ಐವತ್ತರ ಆಸುಪಾಸಿನಲ್ಲಿದ್ದರೆ ಹಡಗು ಹೆಚ್ಚು ವಿಶಾಲವೆನಿಸುತ್ತದೆ. ಶಾಲಾ ರಜೆಯಲ್ಲಿ ಒಂದೇ ಕ್ಯಾಬಿನ್‌ನಲ್ಲಿ ಮೂವರು, ನಾಲ್ವರು ಇರುವುದರಿಂದ ನಿಜವಾದ ಜನಸಂಖ್ಯೆ ಈ ಲೆಕ್ಕವನ್ನು ಮೀರುತ್ತದೆ ಎಂಬುದನ್ನೂ ಮರೆಯಬೇಡಿ.

ಯಾರಿಗೆ ಯಾವುದು?

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಕುಟುಂಬಕ್ಕೆ ದೊಡ್ಡ ಹಡಗೇ ಒಳ್ಳೆಯದು, ಇದರಲ್ಲಿ ನನಗೆ ಅನುಮಾನವಿಲ್ಲ. ಮಕ್ಕಳ ಕ್ಲಬ್‌ಗಳು ವಯಸ್ಸಿಗನುಗುಣವಾಗಿ ವಿಂಗಡಿಸಿರುತ್ತವೆ. ಆದರೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿರುವ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಡೈಪರ್ ಹಾಕಿದ ಮಗುವನ್ನು ಮುಖ್ಯ ಈಜುಕೊಳಕ್ಕೂ ಇಳಿಸುವಂತಿಲ್ಲ. ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಶಿಶುವನ್ನು, ಮಹಾಸಾಗರ ದಾಟುವಂಥ ಯಾನಗಳಲ್ಲಿ ಒಂದು ವರ್ಷ ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ಪ್ರಯಾಣ ಮುಗಿಯುವಷ್ಟರಲ್ಲಿ 24ನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರಿಗೂ ಸಾಮಾನ್ಯವಾಗಿ ಅವಕಾಶವಿಲ್ಲ.

ಮಕ್ಕಳ ಗದ್ದಲ ಬೇಡವೆನ್ನುವ ದಂಪತಿಗಳು ಹದಿನೆಂಟು ದಾಟಿದವರಿಗೆ ಮಾತ್ರ ಪ್ರವೇಶವಿರುವ ಹಡಗುಗಳನ್ನು ನೋಡಬಹುದು. ಹೀಗಿದ್ದರೂ ಎಲ್ಲವೂ ಒಂದೇ ಬಗೆಯವಲ್ಲ. ವರ್ಜಿನ್ ವಾಯೇಜಸ್‌ನಲ್ಲಿ ರಾತ್ರಿಯ ಸಂಗೀತ, ಕುಣಿತಗಳಿಗೆ ಒತ್ತು ಹೆಚ್ಚು. ಸಾವಿರದೊಳಗಿನ ಮಂದಿಯನ್ನು ಒಯ್ಯುವ ವೈಕಿಂಗ್‌ನ ಸಾಗರ ಹಡಗುಗಳಲ್ಲಿ ಕ್ಯಾಸಿನೊ ಕೂಡ ಇಲ್ಲ, ಅಲ್ಲಿ ಉಪನ್ಯಾಸಗಳಿಗೂ ಓದಿಗೂ ಪ್ರಾಶಸ್ತ್ಯ.

ಒಂಟಿಯಾಗಿ ಹೊರಟವರು ಎದುರಿಸುವ ಮುಖ್ಯ ತೊಡಕು ದರದ್ದು. ಕ್ಯಾಬಿನ್ನಿನ ದರ ಇಬ್ಬರ ಲೆಕ್ಕದಲ್ಲಿರುವುದರಿಂದ ಒಬ್ಬರೇ ಇದ್ದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದು ಎರಡರಷ್ಟಾಗುವುದೂ ಉಂಟು. 2010ರಲ್ಲಿ 'ನಾರ್ವೇಜಿಯನ್ ಎಪಿಕ್' ಹಡಗು ಒಬ್ಬರಿಗೆಂದೇ ರೂಪಿಸಿದ ಸಣ್ಣ ಕ್ಯಾಬಿನ್‌ಗಳನ್ನೂ, ಅವರೆಲ್ಲ ಸೇರುವ ಹಜಾರವನ್ನೂ ತಂದಿತು. ಈಗ ಬೇರೆ ಕಂಪನಿಗಳಲ್ಲೂ ಅಂಥವಿವೆ, ಆದರೆ ಸಂಖ್ಯೆ ಕಡಿಮೆಯಿರುವುದರಿಂದ ಬೇಗ ತುಂಬಿಹೋಗುತ್ತವೆ.

ಹಿರಿಯರ ವಿಷಯಕ್ಕೆ ಬರೋಣ. ಅಲೆ, ಎತ್ತರದ ಮೆಟ್ಟಿಲು, ದೋಣಿ ಯಾವುದೂ ಬೇಡವೆಂದು ಎರಡನೆಯ ಬಾರಿ ತಾಯಿಯನ್ನು ಡ್ಯಾನ್ಯೂಬ್ ನದಿಯ ಹಡಗಿನಲ್ಲಿ ಕರೆದೊಯ್ದೆವು. ಯುರೋಪಿನ ನದಿಯ ಹಡಗುಗಳು ಸಾಮಾನ್ಯವಾಗಿ ಹೆಚ್ಚೆಂದರೆ 135 ಮೀಟರ್ ಉದ್ದ, ಸುಮಾರು 11.4 ಮೀಟರ್ ಅಗಲ. ನೀರಿನ ಮಟ್ಟ ಏರಿಸಿ ಇಳಿಸಿ ಹಡಗನ್ನು ದಾಟಿಸುವ, ಗೇಟುಗಳಿರುವ ತೊಟ್ಟಿಯಂಥ ಲಾಕ್‌ಗಳು ದಾರಿಯಲ್ಲಿರುತ್ತವೆ, ಹಲವೆಡೆ ಅವು ಇದಕ್ಕಿಂತ ಹೆಚ್ಚು ಅಗಲದ ಹಡಗನ್ನು ಬಿಟ್ಟುಕೊಳ್ಳುವುದಿಲ್ಲ. ಇನ್ನೂರರೊಳಗಿನ ಜನ, ಕಿಟಕಿಯಾಚೆ ಸದಾ ದಂಡೆ, ಹಲಗೆ ದಾಟಿದರೆ ಊರು. ಲಾಕ್ ಒಳಗೆ ಹಡಗು ನಿಂತಾಗ ಒದ್ದೆ ಕಾಂಕ್ರೀಟ್ ಗೋಡೆ ಬಾಲ್ಕನಿಯಿಂದ ಒಂದು ಗೇಣು ದೂರದಲ್ಲಿ ನಿಧಾನವಾಗಿ ಕೆಳಗಿಳಿಯುತ್ತಿದ್ದುದನ್ನು ತಾಯಿ ಕುರ್ಚಿ ಎಳೆದುಕೊಂಡು ಕೂತು ಪ್ರತಿ ಬಾರಿಯೂ ನೋಡಿದರು. ಆದರೆ ನದಿಯ ಹಡಗು ಎಲ್ಲ ಹಿರಿಯರಿಗೂ ಒಪ್ಪುತ್ತದೆ ಎನ್ನಲಾರೆ. ಲಿಫ್ಟ್ ಇದ್ದರೂ ಅದು ಎಲ್ಲ ಡೆಕ್‌ಗಳಿಗೆ ಹೋಗದಿರಬಹುದು. ಕಟ್ಟೆಯಲ್ಲಿ ಜಾಗವಿಲ್ಲದಾಗ ಹಡಗುಗಳು ಒಂದರ ಪಕ್ಕ ಒಂದು ನಿಲ್ಲುವುದರಿಂದ ಮತ್ತೊಂದು ಹಡಗನ್ನು ಹಾದು ದಡ ಸೇರಬೇಕಾಗುತ್ತದೆ. ಹಳೆಯ ಪಟ್ಟಣಗಳ ಬೀದಿಗಳಿಗೆ ಕಲ್ಲು ಹಾಸಿರುತ್ತದೆ. ಗಾಲಿಕುರ್ಚಿ ಬಳಸುವವರಿಗೆ ಅಗಲ ಬಾಗಿಲು, ಹೊಸ್ತಿಲಿಲ್ಲದ ಸ್ನಾನದ ಮನೆ, ಹಲವು ಲಿಫ್ಟ್‌ಗಳಿರುವ ದೊಡ್ಡ ಸಾಗರ ಹಡಗೇ, ಕಟ್ಟೆಯ ಬಂದರುಗಳಿರುವ ಮಾರ್ಗದಲ್ಲಿ, ಹೆಚ್ಚು ಅನುಕೂಲ. ನೀರಿನ ಮಟ್ಟವೂ ಗಮನದಲ್ಲಿರಲಿ: 2018 ಮತ್ತು 2022ರ ಬೇಸಿಗೆಗಳಲ್ಲಿ ರೈನ್ ನದಿ ಬತ್ತಿದಾಗ ಹಲವೆಡೆ ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸಬೇಕಾಗಿ ಬಂದಿತ್ತು.

ಪ್ರಕೃತಿಯನ್ನು ಕಾಣಲೆಂದೇ ಹೊರಟವರು ಹಡಗಿನ ಸೌಕರ್ಯಕ್ಕಿಂತ ಅಲ್ಲಿನ ನಿಯಮಗಳನ್ನು ಮೊದಲು ತಿಳಿಯಬೇಕು. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ಇಳಿಯುವಂತಿಲ್ಲ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತೆಯೇ ಇಲ್ಲ. ಅಗ್ಗವೆಂದು ದೊಡ್ಡ ಹಡಗು ಹತ್ತಿದವರು ಆ ಖಂಡವನ್ನು ಡೆಕ್ಕಿನಿಂದಲೇ ನೋಡಿ ಮರಳಬೇಕು. ನೂರು ಜನರ ಹಡಗಿನಲ್ಲಿ ಎಲ್ಲರೂ ಒಟ್ಟಿಗೆ ಇಳಿಯಬಹುದಾದರೆ, ನಾನೂರು ಜನರ ಹಡಗಿನಲ್ಲಿ ಸರದಿ ಕಾಯಬೇಕು. ದಕ್ಷಿಣ ಅಮೆರಿಕದ ತುದಿಯಿಂದ ಡ್ರೇಕ್ ಜಲಮಾರ್ಗ ದಾಟಲು ಸುಮಾರು ಎರಡು ದಿನ ಬೇಕು, ಆ ಕಡಲು ಒರಟು. ಗಲಾಪಗೋಸ್‌ನಲ್ಲಿ ಒಂದು ಹಡಗಿಗೆ ನೂರು ಪ್ರಯಾಣಿಕರ ಮಿತಿಯಿದ್ದು, ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ಜಾಗಗಳಲ್ಲಿ ಅಡ್ಡಾಡುವಂತಿಲ್ಲ. ಅಲಾಸ್ಕಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಪ್ರವೇಶ. 'ಅಲಾಸ್ಕಾ ಕ್ರೂಸ್' ಎಂಬ ಹೆಸರಿದ್ದ ಮಾತ್ರಕ್ಕೆ ನಿಮ್ಮ ಹಡಗು ಅಲ್ಲಿಗೆ ಹೋಗುತ್ತದೆಂದು ಎಣಿಸಬೇಡಿ.

ಕಡಲನ್ನೇ ಪ್ರೀತಿಸುವವರೂ ಇದ್ದಾರೆ. ಅವರಿಗೆ ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ದಾಟುವ 'ಕ್ವೀನ್ ಮೇರಿ 2', ಐದು ಸ್ತಂಭಗಳ ಹಾಯಿಹಡಗು 'ರಾಯಲ್ ಕ್ಲಿಪ್ಪರ್', 1893ರಿಂದ ನಾರ್ವೆಯ ಕರಾವಳಿಯಲ್ಲಿ ಓಡಾಡುತ್ತಿರುವ ಹುರ್ಟಿಗ್ರುಟೆನ್ ಮಾರ್ಗ ಇವು ಸರಿಹೊಂದುತ್ತವೆ. ಕಡೆಯದ್ದು ಸರಕನ್ನೂ ಸ್ಥಳೀಯರನ್ನೂ ಒಯ್ಯುವ ದುಡಿಯುವ ಹಡಗಾದ್ದರಿಂದ ಮನರಂಜನೆ ಬಯಸುವವರಿಗೆ ಅಲ್ಲಿ ಬೇಸರವಾದೀತು. ಮೊದಲ ಬಾರಿ ಹೋಗುವವರಂತೂ ಮೂರು ರಾತ್ರಿಗಳ ಯಾನದಿಂದ ಕ್ರೂಸನ್ನು ಅಳೆಯದಿರುವುದು ಒಳಿತು. ಹಡಗಿನ ದಾರಿಗಳು ಪರಿಚಯವಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಐದರಿಂದ ಏಳು ರಾತ್ರಿ ಹದವಾದ ಅವಧಿ.

ಕಾಲ, ಕ್ಯಾಬಿನ್, ಲೆಕ್ಕ

ಅಟ್ಲಾಂಟಿಕ್ ಮತ್ತು ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗ ದರ ಇಳಿದಿರುತ್ತದೆ, ಮಾರ್ಗ ಬದಲಾಗುವ ಸಂಭವವೂ ಇರುತ್ತದೆ. ಅಲಾಸ್ಕಾದ ಋತು ಮುಖ್ಯವಾಗಿ ಮೇನಿಂದ ಸೆಪ್ಟೆಂಬರ್‌ವರೆಗೆ, ಅಂಟಾರ್ಕ್ಟಿಕಾದ್ದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಇಷ್ಟು ಮೊದಲೇ ಗೊತ್ತಿದ್ದರೆ ರಜೆ ಹೊಂದಿಸಿಕೊಳ್ಳುವುದು ಸುಲಭ.

ಕ್ಯಾಬಿನ್ ಆರಿಸುವಾಗ ತಕ್ಕಡಿಯನ್ನು ನೆನೆಯಿರಿ. ನಡುವಿನ ಭಾಗ ಅಲುಗುವುದು ಕಡಿಮೆ, ತುದಿಗಳು ಹೆಚ್ಚು. ತಲೆಸುತ್ತು, ವಾಕರಿಕೆಯ ಕಡಲಬೇನೆ ಇರುವವರು ಹಡಗಿನ ಮಧ್ಯಭಾಗದ ಕೆಳ ಡೆಕ್ಕಿನಲ್ಲಿ ಕಿಟಕಿ ಇರುವ ಕ್ಯಾಬಿನ್ ಕೇಳಬೇಕು. ದಿಗಂತ ಕಾಣುತ್ತಿದ್ದರೆ ತೊಂದರೆ ಎಷ್ಟೋ ತಗ್ಗುತ್ತದೆ. ಒಳಭಾಗದ ಕ್ಯಾಬಿನ್ನಿಗೆ ಕಿಟಕಿಯೇ ಇಲ್ಲ. ದೀಪ ಆರಿಸಿದರೆ ನಡುಮಧ್ಯಾಹ್ನವೂ ಕಗ್ಗತ್ತಲು, ಗಡಿಯಾರ ನೋಡದೆ ಹೊತ್ತು ತಿಳಿಯದು. ದಿನವಿಡೀ ಹೊರಗಿರುವ ಯುವಕರಿಗೆ ಅದು ಉಳಿತಾಯ, ಕ್ಯಾಬಿನ್ನಿನಲ್ಲೇ ಹೆಚ್ಚು ಹೊತ್ತು ಕಳೆಯುವವರಿಗೆ ಸೆರೆ. ಡೆಕ್ಕಿನ ನಕ್ಷೆ ತೆರೆದು ನಿಮ್ಮ ಕ್ಯಾಬಿನ್ನಿನ ಮೇಲೆ ಮತ್ತು ಕೆಳಗೆ ಏನಿದೆ ನೋಡಿ. ಈಜುಕೊಳದ ಕೆಳಗಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ರಂಗಮಂದಿರದ ಮೇಲಿದ್ದರೆ ರಾತ್ರಿಯ ಸಂಗೀತ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಡೆಕ್ ಎಲ್ಲಕ್ಕಿಂತ ನಿಶ್ಶಬ್ದ. ಕಂಪನಿಯೇ ಕ್ಯಾಬಿನ್ ನಿಗದಿಪಡಿಸುವ ಅಗ್ಗದ 'ಗ್ಯಾರಂಟಿ' ದರದಲ್ಲಿ ಈ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ.

ದರ ಹೋಲಿಸುವಾಗ ಟಿಕೆಟ್ ಮೊತ್ತದೊಂದಿಗೆ ಬಂದರಿನ ತೆರಿಗೆ, ದಿನದಿನವೂ ಸೇರಿಸುವ ಸೇವಾಶುಲ್ಕ, ಇಂಟರ್ನೆಟ್, ಪಾನೀಯ, ದಡದ ಪ್ರವಾಸಗಳನ್ನೂ ಕೂಡಿ, ಬಂದ ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ. ಎಲ್ಲವನ್ನೂ ಒಳಗೊಂಡ ಸಣ್ಣ ಹಡಗು ತೋರಿಕೆಯಷ್ಟು ದುಬಾರಿಯಲ್ಲ ಎಂಬುದು ಆಗ ಕೆಲವೊಮ್ಮೆ ತಿಳಿಯುತ್ತದೆ. ಹಡಗಿನ ಚಿಕಿತ್ಸಾಲಯದಲ್ಲಿ ವೈದ್ಯರಿದ್ದರೂ ದೊಡ್ಡ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ, ಗಂಭೀರ ಸ್ಥಿತಿಯಲ್ಲಿ ರೋಗಿಯನ್ನು ದಡಕ್ಕೆ ಸಾಗಿಸಬೇಕಾಗುತ್ತದೆ. ಆ ವೆಚ್ಚವನ್ನು ಭರಿಸುವ ವಿಮೆ ಇಲ್ಲದೆ ಹೊರಡಲೇಬೇಡಿ. ಮಾರ್ಗದಲ್ಲಿ ಒಂದೇ ದೇಶವನ್ನು ಬಿಟ್ಟು ಮತ್ತೆ ಪ್ರವೇಶಿಸುವುದಿದ್ದರೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾ ಬೇಕಾದೀತು. ಮುಂಗಡ ಪಾವತಿಸುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ವಿಮಾನದಲ್ಲಿ ಹೋಗಿ ಹಡಗು ಹತ್ತುವವರು ಕನಿಷ್ಠ ಒಂದು ದಿನ ಮೊದಲೇ ಆ ಊರು ತಲುಪುವಂತೆ ಟಿಕೆಟ್ ಕೊಳ್ಳಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.