ಪ್ರತಿ ನಿಯಮಕ್ಕೂ ಒಬ್ಬ ಕರ್ತೃ: ಹಾರ್ಡ್‌ವೇರ್ ವಿವರಣೆಯ ಕಡತಕ್ಕೆ ನಿಯಮಾವಳಿ ಬರೆದ ಅನುಭವ

ದಾವಣಗೆರೆಯಲ್ಲಿ ನಾವು ತಯಾರಿಸುವ ಪಂಪ್‌ಸೆಟ್ ನಿಯಂತ್ರಕಗಳು ಹೆಚ್ಚಾಗಿ ಚನ್ನಗಿರಿ ಕಡೆಯ ಅಡಿಕೆ ತೋಟಗಳ ಕೊಳವೆಬಾವಿಗಳಿಗೆ ಹೋಗುತ್ತವೆ. ಕೆಲವು ಬೋರ್ಡುಗಳಲ್ಲಿ ಮೊಬೈಲ್ ಮೋಡೆಮ್ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಕರೆಂಟ್ ಅಳೆಯುವ ಸೆನ್ಸರಿನ ವಿಳಾಸವೂ ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ. ಪ್ರತಿಯೊಂದಕ್ಕೂ ಬೇರೆ ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ಪ್ರೋಗ್ರಾಂ) ಬರೆಯುವ ಬದಲು, ಬೋರ್ಡಿನಲ್ಲಿ ಏನೇನಿದೆ ಎಂಬುದನ್ನು ಒಂದು ಸಣ್ಣ ಕಡತದಲ್ಲಿಟ್ಟು, ಒಂದೇ ಫರ್ಮ್‌ವೇರ್ ಅದನ್ನು ಓದಿಕೊಳ್ಳುವಂತೆ ಮಾಡಲು ನಿರ್ಧರಿಸಿದೆವು. ಆ ಕಡತದ ನಿಯಮಾವಳಿ ಬರೆಯುವ ಹೊಣೆ ನನ್ನದಾಯಿತು. ಜೋಡಣೆ ಮತ್ತು ದುರಸ್ತಿ ಮಾಡುವವರೂ ಓದಬೇಕಾದ್ದರಿಂದ ಅದನ್ನು ಕನ್ನಡದಲ್ಲಿಯೇ ಬರೆದೆ.

ಮಾದರಿಯಾಗಿ ಇಟ್ಟುಕೊಂಡದ್ದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬಳಸುವ ಡಿವೈಸ್‌ಟ್ರೀ ನಿಯಮಾವಳಿಯನ್ನು. ಡಿವೈಸ್‌ಟ್ರೀ ಎಂದರೆ ಬೋರ್ಡಿನಲ್ಲಿರುವ ಭಾಗಗಳನ್ನು ಮರದ ಕೊಂಬೆಗಳಂತೆ ಜೋಡಿಸಿ ವಿವರಿಸುವ ಕಡತ. 1994ರ ಐಇಇಇ 1275 ಓಪನ್ ಫರ್ಮ್‌ವೇರ್ ಮಾನಕದಿಂದ ಹೊರಟು, ಅದನ್ನು ಸಣ್ಣ ಬೋರ್ಡುಗಳಿಗೆ ಹೊಂದಿಸಿದ 2008ರ ಇಪಿಎಪಿಆರ್ ದಾಖಲೆಯ ಮೂಲಕ ಹಾದು, 2016ರಿಂದ ಸ್ವತಂತ್ರ ಹೆಸರಿನಲ್ಲಿ ಪ್ರಕಟವಾಗುತ್ತಿರುವ ಈ ದಾಖಲೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಿದ್ದು ಅದರ ವಾಕ್ಯಗಳನ್ನು.

ಕನ್ನಡ ವಾಕ್ಯ ಕರ್ತೃವಿಲ್ಲದೆಯೂ ಸಲೀಸಾಗಿ ನಿಲ್ಲುತ್ತದೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ನಿಯಮಾವಳಿಯಲ್ಲಿ ಇದೇ ದೊಡ್ಡ ತೊಡಕು. ‘ಉಳಿದ ಬೈಟ್‌ಗಳನ್ನು ಸೊನ್ನೆಯಿಂದ ತುಂಬಬೇಕು’ ಎಂಬ ವಾಕ್ಯವನ್ನೇ ನೋಡಿ. ತುಂಬುವುದು ಕಡತ ತಯಾರಿಸುವ ಪ್ರೋಗ್ರಾಂ ಎಂದು ಊಹಿಸಬಹುದು. ಆದರೆ ಅಲ್ಲಿ ಸೊನ್ನೆಯಲ್ಲದೆ ಬೇರೇನಾದರೂ ಕಂಡರೆ ಓದುವ ಪ್ರೋಗ್ರಾಂ ಕಡತವನ್ನು ತಿರಸ್ಕರಿಸಬೇಕೇ, ಸುಮ್ಮನೆ ಮುಂದೆ ಹೋಗಬೇಕೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಎರಡಾಗಿ ಒಡೆದೆ: ‘ಬರೆಯುವ ಪ್ರೋಗ್ರಾಂ ಉಳಿದ ಬೈಟ್‌ಗಳಲ್ಲಿ ಸೊನ್ನೆಯನ್ನು ಇಡತಕ್ಕದ್ದು. ಓದುವ ಪ್ರೋಗ್ರಾಂ ಆ ಬೈಟ್‌ಗಳ ಬೆಲೆಯನ್ನು ಪರಿಗಣಿಸತಕ್ಕದ್ದಲ್ಲ.’ ಇಡೀ ದಾಖಲೆಯಲ್ಲಿ ಕಡ್ಡಾಯವನ್ನು ಹೇಳುವ ಪ್ರತಿ ವಾಕ್ಯಕ್ಕೂ ಈ ಇಬ್ಬರಲ್ಲಿ ಒಬ್ಬರನ್ನು ಕರ್ತೃವಾಗಿ ಕೂರಿಸಿದೆ. ಯಾರನ್ನು ಕೂರಿಸಬೇಕೆಂದು ತೋಚದ ವಾಕ್ಯಗಳು ನಿಯಮಗಳೇ ಆಗಿರಲಿಲ್ಲ. ಅವು ವಿವರಣೆಗಳಾಗಿದ್ದವು, ಅವನ್ನು ಬೇರೆ ಭಾಗಕ್ಕೆ ಸಾಗಿಸಿದೆ.

ಉದ್ದದ ವಿಷಯಕ್ಕೆ ಹೆಚ್ಚು ಸಮಯ ಹಿಡಿಯಿತು. ಡಿವೈಸ್‌ಟ್ರೀಯ ಬೈನರಿ ರೂಪದಲ್ಲಿ ಒಂದು ಭಾಗದ ಬಗ್ಗೆ ಹೇಳುವ ಪ್ರತಿ ಗುಣದ ಬೆಲೆಗೆ ಮೊದಲು ಆ ಬೆಲೆಯ ಉದ್ದವಿರುತ್ತದೆ, ಬೆಲೆಯ ನಂತರ ಮುಂದಿನ 32 ಬಿಟ್ (ನಾಲ್ಕು ಬೈಟ್) ಗಡಿಯವರೆಗೆ ಸೊನ್ನೆಗಳಿರುತ್ತವೆ. ‘ಓಕೆ’ ಎಂಬ ಸ್ಥಿತಿಯನ್ನು ಅಲ್ಲಿ ನಾಲ್ಕು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಕೊನೆಯ ಶೂನ್ಯ ಬೈಟ್ ಸೇರಿ ಬೆಲೆ 5 ಬೈಟ್ ಆಗುತ್ತದೆ, ಅದರ ನಂತರ 3 ತುಂಬು ಬೈಟ್‌ಗಳು ಬರುತ್ತವೆ. ಉದ್ದವೆಂದು ಬರೆಯುವುದು 5, 8 ಅಲ್ಲ, 4 ಕೂಡ ಅಲ್ಲ. ಶೂನ್ಯ ಬೈಟ್ ಸೇರಿದೆಯೇ, ತುಂಬು ಬೈಟ್ ಸೇರಿದೆಯೇ ಎಂಬ ಎರಡು ಪ್ರಶ್ನೆಗಳಿಗೂ ಉದ್ದವನ್ನು ಹೇಳುವ ವಾಕ್ಯದಲ್ಲಿಯೇ ಉತ್ತರವಿರಬೇಕು. ಪುಟ ತಿರುವಿ ಹುಡುಕುವಂತಿರಬಾರದು. ಮಿತಿಗಳನ್ನು ಹೇಳುವಾಗ ‘31ರವರೆಗೆ’ ಎಂದಷ್ಟೇ ಬರೆಯದೆ ‘31 ಸೇರಿದಂತೆ’ ಎಂದು ಬರೆದದ್ದೂ ಇದೇ ಕಾರಣಕ್ಕೆ.

ಹೇಳದೆ ಬಿಟ್ಟದ್ದನ್ನು ಓದುಗರು ತಮ್ಮ ರೂಢಿಯಿಂದ ತುಂಬಿಕೊಳ್ಳುತ್ತಾರೆ. ಡಿವೈಸ್‌ಟ್ರೀಯ ಪ್ರತಿ ಕವಲನ್ನು ನೋಡು (node) ಎನ್ನುತ್ತಾರೆ; ಮೇಲಿನದು ತಂದೆ, ಅದರ ಕೆಳಗಿನವು ಮಕ್ಕಳು. ಮಕ್ಕಳ ನೋಡುಗಳ ವಿಳಾಸ ಮತ್ತು ಗಾತ್ರಗಳು ಎಷ್ಟೆಷ್ಟು 32 ಬಿಟ್ ಪದಗಳಲ್ಲಿರುತ್ತವೆ ಎಂಬುದನ್ನು ತಂದೆಯ ನೋಡಿನಲ್ಲಿ ಬರೆದಿರುತ್ತಾರೆ. ತಂದೆಯಲ್ಲಿ ಇಲ್ಲದಿದ್ದರೆ ಅಜ್ಜನದು ಅನ್ವಯಿಸುತ್ತದೆ ಎಂದುಕೊಳ್ಳುವುದು ಯಾರಿಗಾದರೂ ಸಹಜ. ಆ ಬೆಲೆಗಳು ಮೇಲಿನ ನೋಡುಗಳಿಂದ ಇಳಿದು ಬರುವುದಿಲ್ಲ ಎಂದು ಡಿವೈಸ್‌ಟ್ರೀ ನಿಯಮಾವಳಿ ನೇರವಾಗಿ ಹೇಳುತ್ತದೆ. ಬರೆಯದೆ ಬಿಟ್ಟಿದ್ದರೆ ವಿಳಾಸಕ್ಕೆ 2, ಗಾತ್ರಕ್ಕೆ 1 ಎಂದು ಭಾವಿಸುವಂತೆಯೂ ಸೂಚಿಸುತ್ತದೆ. ಅಜ್ಜನ ನೋಡಿನಲ್ಲಿ 1 ಮತ್ತು 1 ಇದ್ದು, ಒಬ್ಬರು ಎರಡು ಪದಗಳನ್ನು, ಇನ್ನೊಬ್ಬರು ಮೂರು ಪದಗಳನ್ನು ಓದಿದರೆ ಸೆನ್ಸರಿನ ವಿಳಾಸವೇ ಬೇರೆಯಾಗುತ್ತದೆ. ನಿಷೇಧರೂಪದ ಈ ಬಗೆಯ ವಾಕ್ಯಗಳು ನಿಯಮಾವಳಿಗೆ ಬಹಳ ಬೆಲೆಯುಳ್ಳವು ಎಂದು ನಾನು ನಂಬುತ್ತೇನೆ. ಅವನ್ನು ಹೊಳೆದಲ್ಲೆಲ್ಲ ಸೇರಿಸಿದ್ದೇನೆ.

ಕಡ್ಡಾಯ, ಶಿಫಾರಸು, ಅನುಮತಿ ಎಂಬ ಮೂರು ಹಂತಗಳನ್ನು ಅಂತರ್ಜಾಲ ಮಾನಕಗಳಿಗಾಗಿ ಬರೆದ 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ನಿಗದಿಪಡಿಸಿದಂತೆ ಮೊದಲ ಪುಟದಲ್ಲಿಯೇ ವಿವರಿಸಿ, ಪ್ರತಿ ಹಂತಕ್ಕೂ ಒಂದೇ ಕ್ರಿಯಾರೂಪವನ್ನು ಗೊತ್ತುಮಾಡಿದೆ.

ಕರಡು ಸಿದ್ಧವಾದ ಮೇಲೆ ಅದನ್ನು ಇಬ್ಬರು ಸಹೋದ್ಯೋಗಿಗಳಿಗೆ ಕೊಟ್ಟು, ಒಬ್ಬರು ಕಡತ ಬರೆಯುವ ಪ್ರೋಗ್ರಾಂ, ಇನ್ನೊಬ್ಬರು ಓದುವ ಪ್ರೋಗ್ರಾಂ ತಯಾರಿಸಬೇಕು, ಪರಸ್ಪರ ಕೇಳಬಾರದು, ನನ್ನನ್ನೂ ಕೇಳಬಾರದು ಎಂದು ಹೇಳಿದೆ. ಅನುಮಾನ ಬಂದಾಗ ಆ ವಾಕ್ಯದ ಪಕ್ಕದಲ್ಲಿ ಗುರುತು ಹಾಕಿ, ತಮಗೆ ತೋಚಿದ ಅರ್ಥವನ್ನು ಬರೆದು ಮುಂದುವರಿಯಬೇಕಿತ್ತು. ಇಬ್ಬರೂ ಗುರುತು ಹಾಕಿದ ವಾಕ್ಯಗಳನ್ನು ತಿದ್ದುವುದು ಸುಲಭವಾಗಿತ್ತು. ಹೆಚ್ಚು ಉಪಯೋಗಕ್ಕೆ ಬಂದದ್ದು ಯಾರೂ ಗುರುತು ಹಾಕದೆ ಇಬ್ಬರೂ ಬೇರೆ ಬೇರೆಯಾಗಿ ಅರ್ಥಮಾಡಿಕೊಂಡ ವಾಕ್ಯಗಳು. ಅವು ಎರಡೂ ಪ್ರೋಗ್ರಾಂಗಳನ್ನು ಜೋಡಿಸಿ ಓಡಿಸಿದಾಗ ಮಾತ್ರ ಸಿಕ್ಕವು. ಅಂಥ ಪ್ರತಿ ವಾಕ್ಯಕ್ಕೂ ಒಂದು ಸರಿಯಾದ ಕಡತ ಮತ್ತು ಬೇಕೆಂದೇ ಕೆಡಿಸಿದ ಒಂದು ಕಡತವನ್ನು ತಯಾರಿಸಿ, ವಾಕ್ಯದ ಸಂಖ್ಯೆಯನ್ನೇ ಅವುಗಳ ಹೆಸರಾಗಿಟ್ಟು, ನಿಯಮಾವಳಿಯ ಜೊತೆಯಲ್ಲಿಯೇ ಕೊಡುತ್ತಿದ್ದೇವೆ.