ನಿಮ್ಮೂರ ಕೆರೆಯ ಮೀನಿಗೆ ಕಾನೂನಿನ ಕಾವಲು: ಶುರು ಮಾಡುವುದು ಎಲ್ಲಿಂದ?

ನಮ್ಮ ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಕೆರೆಗಳಲ್ಲಿ ಇವತ್ತು ಬಲೆ ಎಳೆದರೆ ಜಾಸ್ತಿ ಬೀಳುವುದು ಕಾಟ್ಲಾ, ರೋಹು, ಜಿಲೇಬಿ. ಇವೆಲ್ಲ ತಂದು ಬಿಟ್ಟ ಮೀನು. ಕಾಟ್ಲಾ, ರೋಹು ಗಂಗೆಯ ಕಡೆಯವು, ಜಿಲೇಬಿಯ ಮೂಲ ಆಫ್ರಿಕಾ. ನಮ್ಮದೇ ಕೊರಮೀನು, ಮುರುಗೋಡು, ಹಾವುಮೀನು, ಸಣ್ಣ ಗೆಂಡೆಗಳು ಎಲ್ಲಿ ಹೋದವು ಅಂತ ಊರಿನ ಹಿರಿಯರನ್ನು ಕೇಳಿ. ಒಬ್ಬೊಬ್ಬರದು ಒಂದೊಂದು ಉತ್ತರ. ಕೆರೆ ಪೂರ್ತಿ ಒಣಗಿತು, ರಾಜಕಾಲುವೆ ಮುಚ್ಚಿತು, ಯಾರೋ ಔಷಧಿ ಸುರಿದರು. ಎಲ್ಲವೂ ನಿಜವೇ.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ? ಇದೆ. ನೇರ ದಾರಿ ಅಲ್ಲ, ಆದರೆ ನಡೆಯಬಹುದಾದ ದಾರಿ.

ಮೊದಲು ದೂರದ ಒಂದು ಸಂಗತಿ ತಿಳಿದುಕೊಳ್ಳೋಣ. ಅಮೆರಿಕದ ಸ್ನೇಕ್ ನದಿಗೆ ಸಾಕ್‌ಐ ಎಂಬ ಜಾತಿಯ ಸಾಲ್ಮನ್ ಮೀನು ಸಮುದ್ರದಿಂದ 1,400 ಕಿಲೋಮೀಟರಿಗೂ ಹೆಚ್ಚು ದೂರ ಈಜಿ, ಬೆಟ್ಟದ ಮೇಲಿನ ರೆಡ್‌ಫಿಶ್ ಸರೋವರಕ್ಕೆ ಮೊಟ್ಟೆ ಇಡಲು ಬರುತ್ತದೆ. ದಾರಿಯಲ್ಲಿ ಸಾಲು ಸಾಲು ಅಣೆಕಟ್ಟು. 1990ರಲ್ಲಿ ಅಲ್ಲಿನ ಶೋಶೋನ್-ಬ್ಯಾನಾಕ್ ಮೂಲನಿವಾಸಿಗಳು ಸರ್ಕಾರಕ್ಕೆ ಅರ್ಜಿ ಕೊಟ್ಟರು. 1991ರಲ್ಲಿ ಆ ಮೀನು ಅಳಿವಿನಂಚಿನ ಪಟ್ಟಿಗೆ ಸೇರಿತು. 1992ರಲ್ಲಿ ಸರೋವರಕ್ಕೆ ಮರಳಿದ್ದು ಒಂದೇ ಒಂದು ಗಂಡು ಮೀನು. ಅಲಾಸ್ಕಾದಲ್ಲಿ ಇದೇ ಜಾತಿಯ ಮೀನು ಲಕ್ಷಗಟ್ಟಲೆ ಇತ್ತು. ಆದರೂ ಆ ಒಂದು ನದಿಯ ಮೀನಿಗೆ ಪ್ರತ್ಯೇಕ ರಕ್ಷಣೆ ಸಿಕ್ಕಿತು. ಅವರ 1973ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಅಂಥ ಅರ್ಜಿಯನ್ನು ಯಾರು ಬೇಕಾದರೂ ಕೊಡಬಹುದು.

ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ತಿಮಿಂಗಿಲ ಶಾರ್ಕ್‌ನಂಥ ಮೀನುಗಳಿವೆ, ಕೆರೆಯ ಕೊರಮೀನಿಗೆ ಜಾಗ ಇಲ್ಲ. ಹಾಗಾಗಿ ನಾವು ಹಿಡಿಯಬೇಕಾದ ದಾರಿ ಬೇರೆ. ಮೀನಿನ ಹೆಸರಲ್ಲಿ ರಕ್ಷಣೆ ಸಿಗದಿದ್ದರೆ ಮೀನು ಇರುವ ನೀರಿಗೆ ರಕ್ಷಣೆ ಕೇಳಬೇಕು. ಅದಕ್ಕೆ ಆ ನೀರಲ್ಲಿ ಏನಿದೆ ಎಂಬುದು ಕಾಗದದ ಮೇಲೆ ಇರಬೇಕು.

ಕೆರೆ ಯಾರದು?

ಇಲ್ಲಿ ಎಡವಿದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಸುಮ್ನೆ ಓಡಾಡುತ್ತದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹರಿಯುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಕೆರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಯದು. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಪಹಣಿ, ಸರ್ವೆ ನಂಬರ್, ಗ್ರಾಮ ನಕ್ಷೆ ತೆಗೆಸಿಕೊಳ್ಳಿ. ಮೀನು ಹಿಡಿಯುವ ಗುತ್ತಿಗೆ ಯಾರಿಗಿದೆ, ಎಷ್ಟು ವರ್ಷಕ್ಕೆ, ಷರತ್ತುಗಳೇನು ಎಂಬುದನ್ನೂ ಕೇಳಿ. ಬಾಯಿಮಾತಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕೆರೆಯ ಒಡೆತನಕ್ಕೆ ಒಂದು, ಗುತ್ತಿಗೆಗೆ ಒಂದು ಅಂತ ಬೇರೆ ಬೇರೆ ಹಾಕುವುದೇ ಒಳ್ಳೆಯದು.

ಮೀನುಗಳನ್ನು ಬರೆದಿಡುವುದು

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದೇ. ಎರಡು ಹೊತ್ತು ಮುಖ್ಯ. ಒಂದು, ಬೇಸಿಗೆ ಕೊನೆಯಲ್ಲಿ ನೀರು ಕೆರೆಯಂಗಳದ ಗುಂಡಿಗಳಿಗೆ ಇಳಿದಾಗ. ಉಳಿದ ಮೀನೆಲ್ಲ ಅಲ್ಲಿರುತ್ತವೆ. ಯಾವ ಗುಂಡಿ ಕೊನೆಯವರೆಗೂ ಒಣಗುವುದಿಲ್ಲ ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿ. ಮುಂದೆ ಹೂಳೆತ್ತುವ ಯಂತ್ರ ಬಂದಾಗ ಆ ಗುಂಡಿಯನ್ನು ಬಿಡಿಸಿಕೊಳ್ಳಲು ಈ ಗುರುತೇ ಆಧಾರ. ಎರಡನೆಯದು ಮುಂಗಾರಿನ ಹೊಸ ನೀರು ಬರುವ ಹೊತ್ತು. ಆಗ ಮೀನು ನೀರಿಗೆ ಎದುರಾಗಿ ಕಾಲುವೆ, ಕೋಡಿಯ ಕಡೆ ಹತ್ತುತ್ತವೆ. ಸಾಲ್ಮನ್ ಹತ್ತುವುದೂ ಇದೇ ಕೆಲಸಕ್ಕೆ, ಮೊಟ್ಟೆ ಇಡಲು. ಮೊಟ್ಟೆ ತುಂಬಿದ ಮೀನನ್ನು ಕೋಡಿಯಲ್ಲೇ ಬಾಚಿಕೊಂಡರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ?

ಕೊರಮೀನಿನ ವಿಷಯ ವಿಶೇಷವಾಗಿ ಹೇಳಬೇಕು. ಅದರ ಮರಿಗಳು ಕೆಂಪಗೆ ಒಂದೇ ಗುಂಪಾಗಿ ನೀರಿನ ಮೇಲೆ ಆಡುತ್ತವೆ. ಕೆಳಗೆ ತಂದೆ ತಾಯಿ ಕಾವಲು ಇರುತ್ತವೆ. ಮರಿಗುಂಪು ಕಂಡಲ್ಲಿ ಗಾಳ ಹಾಕಿದರೆ ದೊಡ್ಡ ಮೀನು ಸುಲಭವಾಗಿ ಸಿಗುತ್ತದೆ. ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಇಂಥ ಗುಂಪು ಎಲ್ಲಿ, ಯಾವ ತಿಂಗಳು ಕಂಡಿತು ಎಂಬುದನ್ನೂ ಬರೆಯಿರಿ.

ಪ್ರತಿ ಮೀನಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಊರಲ್ಲಿ ಕರೆಯುವ ಹೆಸರು, ತಾರೀಖು, ಜಾಗ ಬರೆಯಿರಿ. ಮೀನುಗಾರರು, ನೀರುಗಂಟಿ, ಸಂತೆಯಲ್ಲಿ ಮೀನು ಮಾರುವ ಹೆಂಗಸರು, ಇವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿಲ್ಲ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬ ಅವರ ಮಾತು ಅವರ ಒಪ್ಪಿಗೆಯೊಂದಿಗೆ ದಾಖಲಾಗಬೇಕು.

ಪಂಚಾಯಿತಿಯ ದಾಖಲಾತಿಗೆ ಸೇರಿಸುವುದು

2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಮೀನುಗಳ ಜನತಾ ಜೀವವೈವಿಧ್ಯ ದಾಖಲಾತಿ ಇಡುವುದು ಅದರ ಕೆಲಸ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಂಡು ಆ ಪುಸ್ತಕ ತೋರಿಸಿ ಅಂತ ಕೇಳಿ. ಮೀನಿನ ಪುಟ ತೆರೆದು ನೋಡಿ. ನಿಮ್ಮ ಪಟ್ಟಿಯ ಮೀನು ಅಲ್ಲಿ ಇಲ್ಲದಿದ್ದರೆ ಹೀಗೆ ಬರೆದುಕೊಡಿ:

"ನಮ್ಮ ಗ್ರಾಮದ ಸರ್ವೆ ನಂಬರ್ ಇಂಥದ್ದರ ಕೆರೆಯಲ್ಲಿ ಕಂಡ ಸ್ಥಳೀಯ ಮೀನುಗಳ ಪಟ್ಟಿ, ಫೋಟೋ ಮತ್ತು ಹಿರಿಯರ ಹೇಳಿಕೆ ಲಗತ್ತಿಸಿದ್ದೇವೆ. ಇವನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಬೇಕು. ಬೇಸಿಗೆಯ ಗುಂಡಿಗಳನ್ನು ಉಳಿಸುವ ಮತ್ತು ಮೊಟ್ಟೆ ಇಡುವ ಕಾಲದಲ್ಲಿ ಕೋಡಿ, ಕಾಲುವೆಗಳಲ್ಲಿ ಮೀನು ಹಿಡಿಯದಿರುವ ಬಗ್ಗೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಬೇಕು."

ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ನಿರ್ಣಯ ಆದ ಮೇಲೆ ನಡಾವಳಿಯ ಪ್ರತಿಯೂ ಬೇಕು. ಅದರ ಒಂದೊಂದು ನಕಲು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ಮತ್ತು ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಹೋಗಲಿ. ಗುತ್ತಿಗೆ ಮುಗಿದು ಹೊಸದು ಆಗುವಾಗ ಗುಂಡಿ ಉಳಿಸುವುದು, ಮೊಟ್ಟೆಯ ಕಾಲದಲ್ಲಿ ಕೋಡಿ, ಕಾಲುವೆಗಳಲ್ಲಿ ಮೀನು ಹಿಡಿಯದಿರುವುದು, ಈ ಎರಡು ಮಾತನ್ನೂ ಷರತ್ತಾಗಿ ಸೇರಿಸಿ ಅಂತ ಮೀನುಗಾರಿಕೆ ಇಲಾಖೆಯನ್ನು ಕೇಳಬಹುದು.

ವಿಷ, ಸಿಡಿಮದ್ದು, ಕರೆಂಟ್

ಇದಕ್ಕೆ ಯಾವ ಪಟ್ಟಿಗೂ ಕಾಯಬೇಕಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ರಾಜ್ಯಕ್ಕೆ ತನ್ನದೇ ಆದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಸಾರ್ವಜನಿಕ ಕೆರೆಯ ನೀರು ಕೆಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 279ನೇ ಸೆಕ್ಷನ್ ಅನ್ವಯಿಸಬಹುದು. ಕಂಬದಿಂದ ಕರೆಂಟ್ ಕದ್ದು ನೀರಿಗೆ ಬಿಡುವುದು ವಿದ್ಯುತ್ ಕಾಯ್ದೆಯಡಿ ಕಳ್ಳತನ, ಮನುಷ್ಯರ ಜೀವಕ್ಕೂ ಅಪಾಯ. ತಕ್ಷಣ 112ಕ್ಕೆ ಫೋನ್ ಮಾಡಿ. ಸತ್ತ ಮೀನಿನ ಫೋಟೋ ಇರಲಿ. ಆದರೆ ಆ ನೀರು, ಆ ಮೀನು ಮುಟ್ಟಬೇಡಿ. ದನಗಳನ್ನೂ ನೀರಿಗೆ ಬಿಡಬೇಡಿ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಅದು ಹೊಂಡದಿಂದ ಕೆರೆಗೆ ದಾಟಿದರೆ ಸಿಕ್ಕಿದ ಮೀನನ್ನೆಲ್ಲ ತಿನ್ನುತ್ತದೆ. ಎಲ್ಲಾದರೂ ಸಾಕುವುದು ಕಂಡರೆ ಮೀನುಗಾರಿಕೆ ಇಲಾಖೆಗೆ ಲಿಖಿತ ದೂರು ಕೊಡಿ.

ದೊಡ್ಡ ರಕ್ಷಣೆ ಕೇಳುವುದಾದರೆ

ತುಂಬ ಜನ ಮೊದಲು ಹೇಳುವುದು 2017ರ ಜೌಗು ಪ್ರದೇಶ ನಿಯಮಗಳನ್ನು. ಅದರಲ್ಲಿ ಒಂದು ತೊಡಕು. ನೀರಾವರಿ, ಕುಡಿಯುವ ನೀರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನು ಆ ನಿಯಮಗಳು ಹೊರಗಿಡುತ್ತವೆ. ನಮ್ಮ ಜಿಲ್ಲೆಯ ಕೆರೆಗಳಲ್ಲಿ ಹೆಚ್ಚಿನವು ಅಂಥವೇ.

ಬೇರೆ ಎರಡು ದಾರಿ ಇವೆ. ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ಅಡಿ ಒಂದು ಜಾಗವನ್ನು ಪಾರಂಪರಿಕ ತಾಣ ಎಂದು ಘೋಷಿಸಬಹುದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಇಂಥ ತಾಣವಾಯಿತು. ಘೋಷಣೆಯಿಂದ ಯಾರ ದುಡಿಮೆಗಾದರೂ ಪೆಟ್ಟು ಬಿದ್ದರೆ ಸರ್ಕಾರ ಪರಿಹಾರದ ಯೋಜನೆ ಮಾಡಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಮೀನುಗಾರ ಕುಟುಂಬಗಳಿಗೆ ಈ ಮಾತನ್ನು ಮೊದಲ ದಿನವೇ ಓದಿ ಹೇಳಿ. ಅವರನ್ನು ದೂರ ಇಟ್ಟು ಮಾಡಿದ ರಕ್ಷಣೆ ನನಗೆ ರಕ್ಷಣೆ ಅನಿಸುವುದಿಲ್ಲ.

ಇನ್ನೊಂದು, ವನ್ಯಜೀವಿ ಕಾಯ್ದೆಯ 36ಎ ಸೆಕ್ಷನ್ ಅಡಿ ಸಂರಕ್ಷಣಾ ಮೀಸಲು. ಇದು ಸರ್ಕಾರಿ ಜಾಗಕ್ಕೆ ಮಾತ್ರ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಇದೇ ಸೆಕ್ಷನ್‌ನಲ್ಲಿ ಬಂದಿದ್ದು. ಕೆರೆಗೂ ಸಾಧ್ಯ ಎಂಬುದಕ್ಕೆ ಹೊಸಪೇಟೆ ಕಡೆಯ ಅಂಕಸಮುದ್ರ ಸಾಕ್ಷಿ. ಅದೊಂದು ನೀರಾವರಿ ಕೆರೆ. ಮೊದಲು ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಸುತ್ತಲಿನ ಕೆರೆಗಳ ಮೀನು ನಂಬಿಕೊಂಡೇ ಮರಿ ಸಾಕುತ್ತವೆ. ಆ ಸುತ್ತಿನ ಊರುಗಳವರು ಅರ್ಜಿಯಲ್ಲಿ ಕೊಕ್ಕರೆಯನ್ನೂ ಮೀನನ್ನೂ ಒಟ್ಟಿಗೆ ಬರೆದರೆ ಅರಣ್ಯ ಇಲಾಖೆ ಕಿವಿಗೊಡುವ ಸಾಧ್ಯತೆ ಹೆಚ್ಚು.

ಯಾರೂ ಕೇಳದಿದ್ದರೆ

ನಮ್ಮ ರಾಜ್ಯ ಪರಿಸರದ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ವ್ಯಾಪ್ತಿಗೆ ಬರುತ್ತದೆ. ತೊಂದರೆ ಶುರುವಾದ 6 ತಿಂಗಳ ಒಳಗೆ ಅರ್ಜಿ ಹಾಕಬೇಕು. ಅದಕ್ಕೇ ಸ್ವೀಕೃತಿ, ತಾರೀಖು ಎಂದು ಇಷ್ಟು ಒತ್ತಿ ಹೇಳಿದ್ದು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಊರಿನ ಮಹಿಳಾ ಸಂಘದ ಒಬ್ಬ ಸದಸ್ಯೆ ಅರ್ಜಿದಾರರಾದರೂ ಸಾಕು.