ಸ್ವಂತ ಕೋಡ್ ಬರೆದು ಶ್ರಿಂಕೇಜ್ ಹಿಡಿದದ್ದು: ನನ್ನ ಅನುಭವ

ನಮ್ಮ ಫೌಂಡ್ರಿ ಇರುವುದು ಬೆಳಗಾವಿಯ ಉದ್ಯಮಬಾಗದಲ್ಲಿ. 18 ಕೆ.ಜಿ.ಯ ಒಂದು ಪಂಪ್ ಹೌಸಿಂಗ್, ಎಸ್‌ಜಿ ಐರನ್ (ಗ್ರಾಫೈಟ್ ಉಂಡೆ ಉಂಡೆಯಾಗಿರುವ ಎರಕದ ಕಬ್ಬಿಣ). ಬಾಸ್ (ಎರಕದ ಮೇಲಿನ ದಪ್ಪ ಉಬ್ಬು) ಹತ್ತಿರ ಡ್ರಿಲ್ ಹಾಕಿದರೆ ಸಾಕು, ಒಳಗೆ ಸ್ಪಂಜು. ಲೋಹ ಗಟ್ಟಿಯಾಗುವಾಗ ಕುಗ್ಗಿ ಬೀಳುವ ಈ ತೂತುಗಳೇ ಶ್ರಿಂಕೇಜ್. ನೂರಕ್ಕೆ 14-15 ವಾಪಸ್ ಬರುತ್ತಿದ್ದವು. ಎರಕ ಹೇಗೆ ಗಟ್ಟಿಯಾಗುತ್ತೆ ಅಂತ ಲೆಕ್ಕ ಹಾಕುವ ಸಿಮ್ಯುಲೇಷನ್ ಸಾಫ್ಟ್‌ವೇರ್ ಲೈಸೆನ್ಸ್ ಅಂದರೆ ಲಕ್ಷಗಳ ಮಾತು. ಸುಮ್ನೆ ಕೂರುವ ಬದಲು ಪೈಥಾನ್‌ನಲ್ಲಿ ನಾನೇ ಬರೆಯುತ್ತೇನೆ ಅಂದೆ. ಮೋಲ್ಡಿಂಗ್ ನೋಡಿಕೊಳ್ಳುವ ಕಾಕಾ, "ಎರಕ ಒಡೆದು ನೋಡೋದೇ ನಮ್ಮ ಸಿಮ್ಯುಲೇಷನ್ನು" ಅಂತ ನಕ್ಕರು.

ಮೊದಲ ಎರಡು ತಿಂಗಳು ಹಾಳು. ಕೋಡ್ ಪ್ರಕಾರ ಬಾಸ್ 4 ನಿಮಿಷಕ್ಕೇ ಗಟ್ಟಿ, ನಿಜದಲ್ಲಿ 7ರ ಆಸುಪಾಸು. ಸೆಲ್‌ಗಳು (ಲೆಕ್ಕಕ್ಕೆ ಎರಕವನ್ನು ಹಂಚಿದ ಚಿಕ್ಕ ತುಂಡುಗಳು) ಸಮಯದ ಒಂದೇ ಸ್ಟೆಪ್‌ನಲ್ಲಿ, ಕಬ್ಬಿಣ ಗಟ್ಟಿಯಾಗುವ 1150 ಡಿಗ್ರಿ ದಾಟಿ ಕೆಳಗೆ ಹಾರುತ್ತಿದ್ದವು, ಲೇಟೆಂಟ್ ಹೀಟ್ (ಗಟ್ಟಿಯಾಗುವಾಗ ಲೋಹ ಬಿಡುವ ಶಾಖ) ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಡಿಗ್ರಿಯ ಬದಲು ಎಂಥಾಲ್ಪಿಗೆ, ಅಂದರೆ ಒಟ್ಟು ಶಾಖದ ಲೆಕ್ಕಕ್ಕೆ ಬದಲಾಯಿಸಿದ ಮೇಲೆ ಸ್ವಲ್ಪ ದಾರಿಗೆ ಬಂತು. ಆಸೆಗೆ ಮೆಶ್ (ಸೆಲ್‌ನ ಅಳತೆ) 5ರಿಂದ 2.5 ಮಿ.ಮೀ.ಗೆ ಇಳಿಸಿದೆ. ಸೆಲ್ 8 ಪಟ್ಟು, ಸ್ಟೆಪ್ 4 ಪಟ್ಟು, ಒಟ್ಟು ಲೆಕ್ಕ 32 ಪಟ್ಟು. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಫ್ಯಾನ್ ಕೂಗಿ ಮನೆಯವರಿಗೆ ನಿದ್ದೆಯಿಲ್ಲ. ಶ್ರಿಂಕೇಜ್ ಎಲ್ಲಿ ಬರಬಹುದು ಅಂತ ಹೇಳುವ ನಿಯಾಮಾ ಸೂತ್ರ ಕೂಡ ಹಾಕಿ ನೋಡಿದೆ, ಇಡೀ ಎರಕವೇ ಕೆಂಪು! ಅದು ಸ್ಟೀಲಿಗೆ ಸರಿ, ನಮ್ಮ ಐರನ್ನಿನಂತೆ ಗಟ್ಟಿಯಾಗುವಾಗ ಗ್ರಾಫೈಟ್ ಹುಟ್ಟಿ ಹಿಗ್ಗುವ ಕಡೆ ನಂಬಬೇಡಿ.

ಆಮೇಲೆ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ). ಲೋಹದೊಳಗೇ ಇಟ್ಟು ಐದು ಸುಟ್ಟುಕೊಂಡೆ, ಒಂದೊಂದಕ್ಕೆ 900 ರೂಪಾಯಿ. ಕೊನೆಗೆ ಕ್ಯಾವಿಟಿ (ಲೋಹ ತುಂಬುವ ಟೊಳ್ಳು) ಗೋಡೆಯಿಂದ 10 ಮತ್ತು 25 ಮಿ.ಮೀ. ದೂರದಲ್ಲಿ ಮರಳಲ್ಲೇ ಇಟ್ಟೆ. ಗ್ರಾಫ್ ಏರುತ್ತಾ ಏರುತ್ತಾ 100 ಡಿಗ್ರಿಯಲ್ಲಿ ಗಪ್ಪಂತ ನಿಂತಿತು, ಸುಮಾರು ಹೊತ್ತು ಅಲ್ಲೇ ಮಲಗಿ ಆಮೇಲೆ ಎದ್ದಿತು. ಮರಳಿನ ನೀರು ಆವಿಯಾಗುವುದು! ಒಣ ಮರಳಿನ ಸಂಖ್ಯೆ ಹಾಕಿದ್ದ ನನ್ನ ಕೋಡಿಗೆ ಇದು ಹೇಗೆ ಗೊತ್ತಿರಬೇಕು? ಆ ನೀರನ್ನೂ ಸೇರಿಸಿ, ಗ್ರಾಫಿಗೆ ಕೂರುವ ತನಕ ಸಂಖ್ಯೆ ತಿರುಗಿಸಿದೆ. ಕೊನೆಗೆ ಯಾವುದು ಕೂತಿತು ಅಂತ ಹೇಳಲ್ಲ. ಹೇಗಿದ್ದರೂ ನಿಮ್ಮ ಮರಳು ಬೇರೆ.

ಟೈಮ್ ಹೊಂದಿತು, ತೂತು ಹೋಗಲಿಲ್ಲ. ರೈಸರ್ (ಕುಗ್ಗುವ ಎರಕಕ್ಕೆ ಲೋಹ ಕೊಡುವ ಹೆಚ್ಚುವರಿ ಭಾಗ) 3ರಿಂದ 5 ಕೆ.ಜಿ. ಮಾಡಿ, ಅದನ್ನು ಎರಕಕ್ಕೆ ಜೋಡಿಸುವ ನೆಕ್ಕೂ ದಪ್ಪ ಮಾಡಿದೆ. ನೆಕ್ ಬುಡದಲ್ಲೇ ಹೊಸ ಹಾಟ್‌ಸ್ಪಾಟ್ (ಕೊನೆಗೆ ಗಟ್ಟಿಯಾಗುವ ಜಾಗ) ಬಂದು ರಿಜೆಕ್ಷನ್ ಇನ್ನೂ ಜಾಸ್ತಿಯಾಯಿತು. ಆ ಒಂದು ಹೀಟ್‌ನಲ್ಲೇ (ಒಂದು ಸಲ ಕರಗಿಸಿದ ಲೋಹ) 40 ಸಾವಿರ ಹೋಯಿತು, ಮಾಲೀಕರು ಒಂದು ವಾರ ಮಾತಾಡಲಿಲ್ಲ.

ನಡುವೆ ಬೇಜಾರಿಗೆ ಮನೆಯಲ್ಲಿ ಮೇಣ ಕರಗಿಸಿ ಪ್ಲಾಸ್ಟರ್ ಅಚ್ಚಿಗೆ ಹೊಯ್ದು ಕೊಯ್ದು ನೋಡಿದೆ. ಕೋಡ್ ತೋರಿಸಿದ ಜಾಗದಲ್ಲೇ ಕುಳಿ. ಅಂದರೆ ಶಾಖದ ಲೆಕ್ಕ ತಪ್ಪಿಲ್ಲ, ತಪ್ಪು ಅಚ್ಚಿನಲ್ಲಿದೆ. ಅಚ್ಚಿನ ಗಟ್ಟಿತನ ಅಳೆಯುವ ಹಾರ್ಡ್‌ನೆಸ್ ಟೆಸ್ಟರ್ ಹಿಡಿದು ಬಾಸ್ ಪಕ್ಕದ ಮರಳಿಗೆ ಒತ್ತಿದೆ: 70, ಅಂದರೆ ಮೆತ್ತಗೆ. ಗ್ರಾಫೈಟ್ ಹಿಗ್ಗುವಾಗ ಮೆತ್ತನೆಯ ಗೋಡೆ ಹಿಂದೆ ಸರಿದರೆ ಒಳಗೆ ಒತ್ತಡ ಎಲ್ಲಿ ಉಳಿಯುತ್ತೆ, ಅಲ್ವಾ?

ಅಲ್ಲಿ ಮರಳನ್ನು ಕೈಯಿಂದ ಗಟ್ಟಿಯಾಗಿ ಒತ್ತಿಸಿ 88ಕ್ಕೆ ತಂದೆವು. ಹಿಗ್ಗುವಿಕೆ ಶುರುವಾಗುವ ಹೊತ್ತಿಗೇ ನೆಕ್ ಮುಚ್ಚಬೇಕು. ಆ ಹೊತ್ತು ಯಾವುದು ಅಂತ ಹೇಳಿದ್ದು ನನ್ನ ಕೋಡೇ. ನೆಕ್ ಸಣ್ಣದಾಯಿತು, ರೈಸರ್ 2.5 ಕೆ.ಜಿ.ಗೆ ಇಳಿಯಿತು, ಬಾಸಿಗೊಂದು ಚಿಲ್, ಅಂದರೆ ಶಾಖ ಬೇಗ ಎಳೆಯುವ ಲೋಹದ ತುಂಡು (ಎಷ್ಟು ದಪ್ಪ ಅನ್ನೋದು ನನ್ನ ಹತ್ತಿರವೇ ಇರಲಿ). ಈಗ ರಿಜೆಕ್ಷನ್ ನೂರಕ್ಕೆ 3ರ ಒಳಗೆ. ಒಟ್ಟು ಖರ್ಚು, ಸುಟ್ಟ ಹೀಟ್ ಸೇರಿ, 70 ಸಾವಿರ ದಾಟಿಲ್ಲ. ಕಾಕಾ ಒಂದೊಂದು ಮೋಲ್ಡನ್ನೂ ತಾವೇ ಒತ್ತಿ ನೋಡುತ್ತಾರೆ, ಕಂಪ್ಯೂಟರ್ ಬಗ್ಗೆ ಮಾತ್ರ ಈಗಲೂ ಒಂದು ಮಾತಿಲ್ಲ.

ಹುಮ್ಮಸ್ಸಿನಲ್ಲಿ ಅಲ್ಯುಮಿನಿಯಂಗೂ ಇದೇ ಕೋಡ್ ಓಡಿಸಿದೆ. ಮಕಾಡೆ ಮಲಗಿತು. ಅಲ್ಲಿ ಹೈಡ್ರೋಜನ್ ಕಾಟ, ನನ್ನ ಕೋಡಿನಲ್ಲಿ ಗ್ಯಾಸ್ ಎಂಬುದೇ ಇಲ್ಲ.